ಬೇಕಲಕ್ಕೆ ಬಂದ ಅತಿಥಿಗಳು

ನನ್ನ ಉಪ್ಪ ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು. ಬೆಲೆ ಕೇಳದೆ ಒಂದು ಬೆಂಕಿಪೊಟ್ಟಣವನ್ನೂ ಕೈಯಲ್ಲಿ ಹಿಡಿದವರಲ್ಲ. ಅಂಥವರನ್ನು ಕಳೆದ ವರ್ಷ ಮಳೆ ಕಳೆದ ಮೇಲೆ ಬೇಕಲದ ಹತ್ತಿರದ ಒಂದು ಐಷಾರಾಮಿ ರೆಸಾರ್ಟಿಗೆ ಕರೆದುಕೊಂಡು ಹೋದೆವು. ಹಣ ಕೊಟ್ಟದ್ದು ಶಾರ್ಜಾದಲ್ಲಿರುವ ನನ್ನ ತಂಗಿಯ ಗಂಡ. ಎರಡು ರಾತ್ರಿ, ಎಲ್ಲ ಊಟ ತಿಂಡಿ ಸೇರಿ. "ಮಾಮ ಮಾಮಿ ಒಮ್ಮೆ ಆರಾಮ ಮಾಡಲಿ" ಎಂದು ಅವನ ಆಸೆ. ಉಪ್ಪ ಬರುವುದಿಲ್ಲ ಎಂದು ಒಂದು ವಾರ ಹಟ ಮಾಡಿದರು. ಉಮ್ಮ ಮಾತ್ರ ಕೇಳಿದ ಕೂಡಲೇ ಹೊರಟು ನಿಂತರು. ಅವರ ಕಾರಣ ಬೇರೆಯೇ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ಆ ರೆಸಾರ್ಟಿನ ಹೆಸರು ಇಲ್ಲಿ ಬೇಡ. ನಾನು ಬರೆಯಹೊರಟದ್ದು ಅದರ ಬಗ್ಗೆ ಅಲ್ಲ, ನಮ್ಮ ಕರಾವಳಿಯಲ್ಲಿ ಅತಿಥಿ ಎಂಬುವವನ ಕಥೆಯ ಬಗ್ಗೆ.

ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿದರೆ ಚೆಮ್ನಾಡ್, ಮೇಲ್ಪರಂಬ, ಕಳನಾಡ್, ಉದುಮ, ಪಾಲಕ್ಕುನ್ನ್, ಆಮೇಲೆ ಬೇಕಲ. ಉಪ್ಪಳ, ಮಂಜೇಶ್ವರ ಕಡೆಯ ನಮಗೆ ಈ ಸೇತುವೆ ಬರೀ ಸೇತುವೆಯಲ್ಲ. ಹೊಳೆಯ ಉತ್ತರಕ್ಕೆ ತುಳುನಾಡು, ದಕ್ಷಿಣಕ್ಕೆ ಮಲೆನಾಡಲ್ಲ, ಮಲಬಾರು. 1956ರ ನವೆಂಬರ್ 1ರಂದು ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಎಂದು ಹೇಳಿತು, ಅದು ವರದಿಯಲ್ಲೇ ಉಳಿಯಿತು. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆ ಆಯಿತು. ನಮ್ಮ ಸಾರಾ ಅಬೂಬಕ್ಕರ್ ತಮ್ಮ ಕಾದಂಬರಿಗೆ ಈ ಹೊಳೆಯ ಹೆಸರನ್ನೇ ಇಟ್ಟದ್ದು ಸುಮ್ಮನೆ ಅಲ್ಲ. ನನ್ನ ಉಮ್ಮ ಹೊಳೆಯ ಆಚೆಯವರು. ಕೋಟಿಕುಳಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಉಪ್ಪಳದಲ್ಲಿ ಇಳಿದು ಮದುಮಗಳಾಗಿ ಬಂದವರು. ಮಲಯಾಳ ಮಾತಾಡುತ್ತಿದ್ದ ಹುಡುಗಿ ಬ್ಯಾರಿ ಬಾಸೆ ಕಲಿತು ನಮ್ಮನ್ನು ಬೆಳೆಸಿದಳು. ಇವತ್ತಿಗೂ ಸಿಟ್ಟು ಬಂದರೆ ಅವರ ಬಾಯಿಂದ ಬರುವುದು ಮಲಯಾಳವೇ.

ಈಗ ಸ್ವಲ್ಪ ಹಿಂದೆ ಹೋಗೋಣ. 1342ರ ಆಸುಪಾಸಿನಲ್ಲಿ ಮೊರಾಕೋದ ಇಬ್ನ್ ಬತೂತ ಈ ಕರಾವಳಿಯಲ್ಲಿ ಬಂದ. ಮಂಗಳೂರಿನಲ್ಲಿ, ಅವನ ಮಾತಿನಲ್ಲಿ ಮಂಜರೂರಿನಲ್ಲಿ, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಊರ ಹೊರಗಿನ ಒಂದು ಭಾಗದಲ್ಲಿ ಇದ್ದಾರೆ ಎಂದು ಬರೆದ. ಅಲ್ಲಿಂದ ಹಡಗು ಹತ್ತಿ ಎರಡು ದಿನದಲ್ಲಿ ಹೀಲಿ ತಲುಪಿದ. ಹೀಲಿ ಎಂದರೆ ಈಗಿನ ಏಳಿಮಲೆ. ಅಂದರೆ ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ ಎಲ್ಲವೂ ಅವನ ಎಡಗಡೆಯಲ್ಲಿ ದಡವಾಗಿ ಸರಿದು ಹೋಗಿರಬೇಕು. ನಮ್ಮ ಊರಲ್ಲಿ ಅವನು ಇಳಿಯಲಿಲ್ಲ ಎಂಬುದು ನನಗೆ ಸಣ್ಣ ಬೇಸರ.

ಆದರೆ ಮಲಬಾರಿನ ದಾರಿಯ ಬಗ್ಗೆ ಅವನು ಬರೆದದ್ದು ನಮಗೆ ಬೇಕಾದದ್ದು. ಪ್ರತಿ ಅರ್ಧ ಮೈಲಿಗೆ ಒಂದು ಮರದ ಮನೆ, ಅದರಲ್ಲಿ ಜಗಲಿಗಳು, ಯಾವ ಜಾತಿ ಮತದ ದಾರಿಹೋಕನೂ ಕೂರಬಹುದು. ಹತ್ತಿರ ಒಂದು ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಹಿಂದೂಗಳಿಗೆ ಪಾತ್ರೆಯಲ್ಲಿ ಕೊಡುತ್ತಾನೆ, ಮುಸ್ಲಿಮರಿಗೆ ಬೊಗಸೆಗೆ ಹೊಯ್ಯುತ್ತಾನೆ, ಸಾಕು ಎಂದು ಸನ್ನೆ ಮಾಡುವವರೆಗೆ. ಮುಸ್ಲಿಮನು ಅವರ ಮನೆಯೊಳಗೆ ಹೋಗುವಂತಿಲ್ಲ, ಅವರ ಪಾತ್ರೆಯಲ್ಲಿ ಉಣ್ಣುವಂತಿಲ್ಲ. ಮುಸ್ಲಿಮರೇ ಇಲ್ಲದ ಊರಾದರೆ ಅಡಿಗೆ ಮಾಡಿ ಬಾಳೆಎಲೆಯಲ್ಲಿ ಬಡಿಸುತ್ತಾರೆ. ಮಿಕ್ಕ ಕಡೆ ಪ್ರತಿ ತಂಗುದಾಣದಲ್ಲಿ ಮುಸ್ಲಿಮರ ಮನೆಗಳು ಇರುತ್ತವೆ, ಮುಸ್ಲಿಂ ಪ್ರಯಾಣಿಕರು ಅಲ್ಲಿ ಇಳಿದು ಬೇಕಾದ್ದನ್ನು ಕೊಂಡುಕೊಳ್ಳುತ್ತಾರೆ. ಹೀಲಿಯ ದೊಡ್ಡ ಮಸೀದಿಗೆ ಕಡಲಿಗೆ ಹೋಗುವವರು ಹರಕೆ ಹೊರುತ್ತಿದ್ದರು. ಅದರ ಖಜಾನೆಯಿಂದ ಓದುವ ಮಕ್ಕಳಿಗೆ ಖರ್ಚು, ಬಂದವರಿಗೂ ಬಡವರಿಗೂ ಊಟ.

ಇದನ್ನು ಓದುವಾಗ ಒಂದು ಕಡೆ ಹೆಮ್ಮೆ, ಒಂದು ಕಡೆ ಚುಚ್ಚು. ಬೊಗಸೆಗೆ ನೀರು ಹೊಯ್ಯುವುದರಲ್ಲಿ ದೂರ ಇಡುವುದೂ ಇದೆ, ಬಾಯಾರಿಕೆ ತಣಿಸುವುದೂ ಇದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಆದರೆ ಒಂದು ಮಾತು ಗಮನಿಸಿ: ನೀರಿಗೆ ಬೆಲೆ ಇರಲಿಲ್ಲ, ಮಿಕ್ಕ ಸಾಮಾನಿಗೆ ಇತ್ತು. ಆ ತಂಗುದಾಣದ ಮನೆಗಳಲ್ಲಿ ಕೂತು ಅಕ್ಕಿ, ಮೆಣಸು, ಮೀನು ಮಾರಿದವರು ಯಾರು? ಬ್ಯಾರಿ ಎಂಬ ಹೆಸರು ವ್ಯಾಪಾರದಿಂದ ಬಂತು ಎಂದು ನಾವು ಹೇಳಿಕೊಳ್ಳುತ್ತೇವಲ್ಲ, ಆ ವ್ಯಾಪಾರದ ಮೊದಲ ಅಂಗಡಿ ಇಂಥ ದಾರಿಬದಿಯ ಜಗಲಿಯೇ ಇರಬಹುದು ಎಂದು ನನ್ನ ಊಹೆ. ಊಹೆ ಮಾತ್ರ.

1514ರ ಸುಮಾರಿಗೆ ಬಂದ ಪೋರ್ಚುಗೀಸ್ ದುವಾರ್ತೆ ಬರ್ಬೋಸಾ ನಮ್ಮ ಕುಂಬಳೆಯ ಹೆಸರು ಹೇಳುತ್ತಾನೆ. ಅಲ್ಲಿಂದ ಕಪ್ಪಗಿನ ಕಳಪೆ ಅಕ್ಕಿ ಮಾಲ್ದೀವಿಗೆ ಹೋಗುತ್ತಿತ್ತು, ಬದಲಿಗೆ ತೆಂಗಿನ ನಾರಿನ ಹಗ್ಗ ಬರುತ್ತಿತ್ತು. ಅಕ್ಕಿ ಕೊಟ್ಟು ಹಗ್ಗ ತಂದು ಏನು ಮಾಡುವುದು? ಹಡಗು ಹೊಲಿಯುವುದು. ಈ ಕಡಲಿನ ಹಳೆಯ ಹಡಗುಗಳಿಗೆ ಮೊಳೆ ಇರಲಿಲ್ಲ, ಹಲಗೆಗಳನ್ನು ನಾರಿನಿಂದ ಹೊಲಿಯುತ್ತಿದ್ದರು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಗ್ಗಿ ತಾಳಿಕೊಳ್ಳುತ್ತದೆ ಎಂದು ಇಬ್ನ್ ಬತೂತನೂ ಬರೆದಿದ್ದಾನೆ. ಡಿಪ್ಲೊಮಾದಲ್ಲಿ ನಮಗೆ ರಿವೆಟ್, ವೆಲ್ಡಿಂಗ್, ಬೋಲ್ಟ್ ಎಲ್ಲ ಕಲಿಸಿದರು. ಹೊಲಿಗೆಯ ಜೋಡಣೆ ಯಾರೂ ಕಲಿಸಲಿಲ್ಲ. ಅದೇ ಕ್ರಮದ ದೋಣಿ ಕೇರಳದ ಕೆಟ್ಟುವಳ್ಳಂ. ಈಗ ನೀಲೇಶ್ವರ, ವಲಿಯಪರಂಬ ಹಿನ್ನೀರಿನಲ್ಲಿ ಹೌಸ್‌ಬೋಟ್ ಆಗಿ ತೇಲುತ್ತಿದೆ. ಬೇಕಲದ ದೊಡ್ಡ ಹೋಟೆಲೊಂದು ತನ್ನ ಕಟ್ಟಡಗಳ ಮಾಡನ್ನು ಕೆಟ್ಟುವಳ್ಳದ ಆಕಾರದಲ್ಲಿ ಮಾಡಿದೆ. ಅಕ್ಕಿ ಹೊರುತ್ತಿದ್ದ ದೋಣಿ ಕವುಚಿ ಬಿದ್ದು ಹವಾನಿಯಂತ್ರಿತ ಕೋಣೆಯ ಮಾಡಾಗಿದೆ. ನೋಡಲು ಚಂದವಿದೆ, ಇಲ್ಲ ಎನ್ನಲಾರೆ.

ಕೋಟೆಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸುಮಾರು 40 ಎಕರೆ, ಕೇರಳದಲ್ಲೇ ದೊಡ್ಡದು. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ ಮೇಲೆ ಮೈಸೂರಿನವರ ಕೈಗೆ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪೆನಿಯ ಕೈಗೆ. ಬಾಗಿಲಲ್ಲಿ ಮುಖ್ಯಪ್ರಾಣ ಗುಡಿ, ಹತ್ತಿರದಲ್ಲೇ ಹಳೆಯ ಮಸೀದಿ. ಕೋಟೆಯ ಕಾವಲಿಗೆ ಬಂದ ಕೋಟೆಯಾರರು, ಅಂದರೆ ರಾಮಕ್ಷತ್ರಿಯರು, ಇಲ್ಲಿಯೇ ನಿಂತರು, ಮನೆಯೊಳಗೆ ಕನ್ನಡ ಉಳಿಸಿಕೊಂಡರು. ಕನ್ನಡ ಹೊಳೆ ದಾಟಿದ್ದು ಹೀಗೆ.

ಗೋಡೆಯ ಕಂಡಿಗಳನ್ನು ನೋಡುವುದು ನನಗೆ ಇಷ್ಟ. ಮೇಲಿನ ಕಂಡಿ ದೂರದ ಶತ್ರುವಿಗೆ, ಅದರ ಕೆಳಗಿನದು ಹತ್ತಿರ ಬಂದವನಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಬರುವವನು ಎಷ್ಟು ದೂರದಲ್ಲಿದ್ದಾನೆ ಎಂದು ಕೋನ ಲೆಕ್ಕ ಹಾಕಿ ಕೊರೆದದ್ದು. ಇಷ್ಟು ದೊಡ್ಡ ಕೋಟೆಯೊಳಗೆ ಅರಮನೆಯ ಕುರುಹು ಇಲ್ಲ. ಉಳಿದುಕೊಳ್ಳಲು ಕಟ್ಟಿದ್ದಲ್ಲ, ಬರುವವರನ್ನು ತಡೆಯಲು ಕಟ್ಟಿದ್ದು. ಉಳಿದುಕೊಳ್ಳುವ ಏರ್ಪಾಡು ಆಮೇಲೆ ಬಂತು: ಕೋಟೆಯೊಳಗೇ ಒಂದು ಸರಕಾರಿ ಬಂಗಲೆ, ಅಧಿಕಾರಿಗಳಿಗೂ ಅಪರೂಪದ ಪ್ರವಾಸಿಗಳಿಗೂ. 1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ಹಳಿ ಕೋಟೆಯ ಪಕ್ಕದಲ್ಲೇ ಹಾದು ಹೋಯಿತು. ಆದರೂ ಬೇಕಲದಲ್ಲಿ ಇಳಿಯುವವರು ಮೀನಿನವರು, ಬೀಡಿಯವರು, ಮದುವೆಗೆ ಬಂದವರು. ಕೋಟೆ ನೋಡಲು ಯಾರು ಇಳಿಯುತ್ತಿದ್ದರು?

ಬದಲಾದದ್ದು 1990ರ ದಶಕದಲ್ಲಿ. 1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಎಂದು ಘೋಷಿಸಿತು. 1995ರಲ್ಲಿ ಕೇರಳ ಸರಕಾರ ಬೇಕಲ್ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಸ್ಥಾಪಿಸಿತು. ಪಳ್ಳಿಕ್ಕರ, ಉದುಮ, ಅಜಾನೂರು, ಚೆಮ್ನಾಡ್ ಪಂಚಾಯತುಗಳು ಯೋಜನೆಯೊಳಗೆ ಬಂದವು. ಸರಕಾರ ಭೂಮಿ ಪಡೆದು, ನಿವೇಶನ ಮಾಡಿ, ಹೋಟೆಲ್ ಕಂಪೆನಿಗಳಿಗೆ ಗುತ್ತಿಗೆಗೆ ಕೊಡುವುದು ಎಂಬ ಕ್ರಮ. ಅದೇ 1995ರಲ್ಲಿ ಮಣಿರತ್ನಂ ಅವರ 'ಬಾಂಬೆ' ಬಂತು. ಅದರ ಒಂದು ಹಾಡು ಈ ಕೋಟೆಯ ಮೇಲೆ, ಮಳೆ ಗಾಳಿಯಲ್ಲಿ ಚಿತ್ರೀಕರಣವಾದದ್ದು. ಸರಕಾರದ ಘೋಷಣೆಗಿಂತ ಆ ಹಾಡೇ ಹೆಚ್ಚು ಜನರನ್ನು ಕರೆತಂದಿತು ಎಂದು ನಮ್ಮ ಉಪ್ಪಳದ ಜೀಪ್ ಡ್ರೈವರುಗಳು ಈಗಲೂ ವಾದಿಸುತ್ತಾರೆ. ಹೋಟೆಲುಗಳು ಮಾತ್ರ ಕೂಡಲೇ ಏಳಲಿಲ್ಲ. ದೊಡ್ಡ ಹೆಸರಿನ ತಾಜ್, ಲಲಿತ್ ತೆರೆಯುವಾಗ 2010 ದಾಟಿತ್ತು.

ಉಮ್ಮ ಕೂಡಲೇ ಹೊರಟ ಕಾರಣ ಇಲ್ಲಿದೆ. ಅವರ ಉಮ್ಮಾಮನ ತಂಗಿಯ ಹಿತ್ತಿಲು ರಸ್ತೆಯ ಪಶ್ಚಿಮಕ್ಕೆ, ಕಡಲಿನ ಬದಿಗೆ ಇತ್ತು. ತೆಂಗು, ಒಂದು ಹಂಚಿನ ಮನೆ, ಕೆಂಪುಕಲ್ಲಿನ ಬಾವಿ. ರಜೆಯಲ್ಲಿ ಉಮ್ಮ ಅಲ್ಲಿಯೇ ಬೆಳೆದದ್ದು. ಅದು ಯೋಜನೆಗೆ ಹೋಯಿತು. ಬಂದ ಹಣದಲ್ಲಿ ಒಬ್ಬ ಮಗಳ ಮದುವೆ ಆಯಿತು, ಪಾಲಕ್ಕುನ್ನಿನ ಆಚೆ ಮನೆ ಆಯಿತು. ಅನ್ಯಾಯ ಆಯಿತು ಎಂದು ಆ ಮನೆಯವರು ಯಾರೂ ಹೇಳಿದ್ದು ನಾನು ಕೇಳಿಲ್ಲ. ಉಮ್ಮ ಕೂಡ ಭೂಮಿಯ ಬಗ್ಗೆ ಹೇಳುವುದಿಲ್ಲ, ಬಾವಿಯ ಬಗ್ಗೆ ಹೇಳುತ್ತಾರೆ. ಕಡಲಿಗೆ ನೂರಿನ್ನೂರು ಹೆಜ್ಜೆ ದೂರ ಇದ್ದರೂ ಸಿಹಿ ನೀರು. ದಾರಿಯಲ್ಲಿ ಹೋಗುವ ಮೀನಿನ ಹೆಂಗಸರು ನಿಂತರೆ ಮುದುಕಿ ಕೊಡಪಾನದಿಂದ ಅವರ ಬೊಗಸೆಗೆ ಹೊಯ್ಯುತ್ತಿದ್ದಳಂತೆ. ಇದನ್ನು ಉಮ್ಮ ಹೇಳುವಾಗ ಅವರಿಗೆ ಇಬ್ನ್ ಬತೂತನ ಹೆಸರೂ ಗೊತ್ತಿರಲಿಲ್ಲ.

ರೆಸಾರ್ಟಿನ ಗೇಟಿನಲ್ಲಿ ಕಾವಲಿನವನು ನಮ್ಮ ಹಳೆಯ ಕಾರನ್ನು ನೋಡಿ, "ಯಾರನ್ನು ಬಿಡಲಿಕ್ಕೆ ಬಂದದ್ದು?" ಎಂದು ಮಲಯಾಳದಲ್ಲಿ ಕೇಳಿದ. ಉಪ್ಪ, "ನಮ್ಮನ್ನೇ" ಎಂದರು. ಅವನು ನಕ್ಕು ಗೇಟು ತೆಗೆದ. ಒಳಗೆ ಶಂಖಪುಷ್ಪದ ಬಣ್ಣದ ಏನೋ ಪಾನಕ, ಒದ್ದೆ ಟವಲು. ಉಪ್ಪ ಗ್ಲಾಸು ಹಿಡಿದು ಮೆಲ್ಲಗೆ ನನ್ನನ್ನು ಕೇಳಿದರು: "ಎಷ್ಟು ಇದಕ್ಕೆ?" ಎಲ್ಲ ಸೇರಿದೆ ಉಪ್ಪ ಎಂದೆ. ಮಧ್ಯಾಹ್ನ ಕರಿಮೀನಿಗೂ ಅದೇ ಪ್ರಶ್ನೆ, ಸಂಜೆ ಚಾಯಕ್ಕೂ ಅದೇ. ರಾತ್ರಿ ಅವರು ತಮ್ಮ ತೀರ್ಮಾನ ಹೇಳಿದರು: "ಎಲ್ಲ ಸೇರಿದೆ ಅಂದರೆ ನಾನು ತಿನ್ನದ್ದಕ್ಕೂ ಹಣ ತಗೊಂಡಿದ್ದಾರೆ ಅಂತ ಅರ್ಥ."

ಅವರ ಮಾತು ಸರಿಯೇ. ಹೋಟೆಲಿನವರ ಭಾಷೆಯಲ್ಲಿ ಮೂರು ಹೊತ್ತಿನ ಊಟ ಸೇರಿದ್ದಕ್ಕೆ ಅಮೆರಿಕನ್ ಪ್ಲಾನ್ ಎನ್ನುತ್ತಾರೆ, ಕೋಣೆ ಮಾತ್ರ ಆದರೆ ಯುರೋಪಿಯನ್ ಪ್ಲಾನ್. ಕಡಲ ಬದಿಯಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಬೆಲೆ ಹಾಕುವ ಇಂದಿನ ಕ್ರಮದ ಬೇರು 1950ರಲ್ಲಿದೆ. ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ ಎಂಬ ವಾಟರ್‌ಪೋಲೋ ಆಟಗಾರ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಕ್ಲಬ್ ಮೆಡಿಟರೇನಿ ಶುರು ಮಾಡಿದ. ಐಷಾರಾಮ ಏನೂ ಇರಲಿಲ್ಲ. ಯುದ್ಧ ಮುಗಿದು ಸುಸ್ತಾದ ಜನ ಡೇರೆಯಲ್ಲಿ ಮಲಗಿ ಒಟ್ಟಿಗೆ ಉಂಡು ಈಜುತ್ತಿದ್ದರು. ಆಮೇಲೆ ಅವರ ಹಳ್ಳಿಗಳಲ್ಲಿ ಹಣದ ಬದಲು ಕುತ್ತಿಗೆಯ ಮಣಿಸರದ ಮಣಿ ಬಿಚ್ಚಿ ಕೊಟ್ಟು ಪಾನೀಯ ತೆಗೆದುಕೊಳ್ಳುವ ಪದ್ಧತಿ ಬಂತು. ಜೇಬು ಎಂಬುದನ್ನೇ ಮರೆಸುವ ಉಪಾಯ. 1981ರಲ್ಲಿ ಜಮೈಕಾದ ಮೊಂಟೆಗೋ ಬೇಯಲ್ಲಿ ಬುಚ್ ಸ್ಟೂವರ್ಟ್ ಸ್ಯಾಂಡಲ್ಸ್ ಶುರು ಮಾಡಿದ ಮೇಲೆ ಇದು ಐಷಾರಾಮಿಯಾಯಿತು. ಈ ಸ್ಟೂವರ್ಟ್ ಮೊದಲು ಏರ್ ಕಂಡಿಷನರ್ ಮಾರುತ್ತಿದ್ದವನು ಎಂದು ಹೇಳಿದಾಗ ಉಪ್ಪ ಮೊದಲ ಸಲ ಆಸಕ್ತಿಯಿಂದ ತಲೆ ಎತ್ತಿದರು. "ಹಾಗಾದರೆ ಅಂಗಡಿಯವನೇ" ಎಂದರು.

ನಮ್ಮಲ್ಲಿ ಎಲ್ಲ ಸೇರಿದ ಆತಿಥ್ಯ ಒಂದೇ: ಪುದಿಯಾಪ್ಲನದ್ದು. ಮದುವೆಯಾದ ಹೊಸತರಲ್ಲಿ ಅಳಿಯನಿಗೆ ಹೆಂಡತಿ ಮನೆಯಲ್ಲಿ ತುಪ್ಪದನ್ನ, ಪತ್ತಿರ್, ಕೋಳಿ, ಮೊಟ್ಟೆ. ಅವನು ಬೇಡ ಎಂದರೂ ಬಡಿಸುವುದು. ಅದರ ಬಿಲ್ಲು ಮಾವನ ಸಾಲದ ಪುಸ್ತಕದಲ್ಲಿ ಬರುತ್ತದೆ, ನಮ್ಮ ಉಪ್ಪನ ಅಂಗಡಿಯಲ್ಲೇ ಅಂಥ ಎಷ್ಟೋ ಪುಟಗಳು ಇದ್ದವು. ಅಳಿಯ ಮಾವನಿಗೆ ಎರಡು ರಾತ್ರಿಯ ಪುದಿಯಾಪ್ಲ ಸತ್ಕಾರ ಮಾಡಿದ್ದು ನಮ್ಮ ಮನೆಯಲ್ಲಿ ಇದೇ ಮೊದಲು.

ಎರಡನೆಯ ದಿನ ನನಗೊಬ್ಬ ಪರಿಚಯದವನು ಸಿಕ್ಕಿದ, ಪಾಲಿಟೆಕ್ನಿಕ್ಕಿನಲ್ಲಿ ನನ್ನ ಬೆಂಚಿನವನು. ಅಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿ ಇದ್ದಾನೆ. ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗಿ ತೋರಿಸಿದ: ಚಿಲ್ಲರ್, ಜನರೇಟರ್, ಕೊಳಚೆ ನೀರು ಶುದ್ಧ ಮಾಡಿ ತೋಟಕ್ಕೆ ಬಿಡುವ ಘಟಕ, ಕುಡಿಯುವ ನೀರಿನ ಆರ್‌ಓ. ಕಡಲ ಉಪ್ಪುಗಾಳಿಗೆ ಪಂಪಿನ ಬೋಲ್ಟುಗಳು ವರ್ಷಕ್ಕೆ ತುಕ್ಕು ಹಿಡಿಯುತ್ತವೆ, ಸ್ಟೇನ್‌ಲೆಸ್ ಎಂದು ಬರೆದದ್ದೂ ಹಿಡಿಯುತ್ತದೆ ಎಂದ. ಮುಂದೆ ಸಂಗೀತ, ಹಿಂದೆ ಬೇರಿಂಗಿನ ಶಬ್ದ. ಈ ಹಿಂಬದಿಯಲ್ಲಿ ಉದುಮ, ಪಳ್ಳಿಕ್ಕರದ ಎಷ್ಟೋ ಮಕ್ಕಳು ದುಡಿಯುತ್ತಿದ್ದಾರೆ. ಅವರ ಉಪ್ಪಂದಿರು ದುಬೈಗೆ ಹೋಗಿದ್ದರು, ಇವರು ಸೈಕಲ್ಲಿನಲ್ಲಿ ಕೆಲಸಕ್ಕೆ ಬರುತ್ತಾರೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ರೆಸಾರ್ಟನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಬಾವಿಯ ವಿಷಯ ಕೇಳಿದೆ. ತೋಟದ ಮೂಲೆಯಲ್ಲಿ ಒಂದು ಹಳೆಯ ಬಾವಿ ಇದೆ ಎಂದ. ಉಮ್ಮನನ್ನು ಬಗ್ಗಿಯಲ್ಲಿ ಕೂರಿಸಿ ಕರೆದುಕೊಂಡು ಹೋದೆವು. ಕೆಂಪುಕಲ್ಲಿನ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಸುತ್ತ ಹೂವಿನ ಗಿಡ. ಉಮ್ಮ ಕಟ್ಟೆಯ ಮೇಲೆ ಕೈಯಿಟ್ಟು ಒಂದು ಸುತ್ತು ಬಂದರು. ಕಡಲಿನ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು. "ಇದಲ್ಲ" ಎಂದರು. ಹೇಗೆ ಗೊತ್ತು ಎಂದೆ. ಅವರ ಬಾವಿಯ ಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಆದ ಒಂದು ಗೀರು ಇತ್ತಂತೆ, ಹೆಬ್ಬೆರಳು ಇಡುವಷ್ಟು. ಇದಕ್ಕೆ ಇರಲಿಲ್ಲ. ಸಿಮೆಂಟು ಮೆತ್ತಿರಬಹುದು ಎಂದು ನನ್ನ ಗೆಳೆಯ ಹೇಳಿದ. ಉಮ್ಮ ತಲೆ ಅಲ್ಲಾಡಿಸಿದರು. ಬೇರೆ ಯಾವ ಬಾವಿಯೂ ಉಳಿದಿರಲಿಲ್ಲ.

ಮರುದಿನ ಸುಬಹ್ ನಮಾಜು ಮುಗಿಸಿ ಉಮ್ಮ ಕಡಲಿಗೆ ಹೋಗಬೇಕು ಎಂದರು. ಈಜುಕೊಳಕ್ಕೆ ಅದರದ್ದೇ ಬಟ್ಟೆ ಬೇಕು, ಕಡಲಿಗೆ ಯಾರದ್ದೂ ನಿಯಮವಿಲ್ಲ. 1991ರ ಫೆಬ್ರವರಿಯ ಕರಾವಳಿ ನಿಯಂತ್ರಣ ಅಧಿಸೂಚನೆಯ ಪ್ರಕಾರ ಇಂಥ ಹಳ್ಳಿ ಪ್ರದೇಶಗಳಲ್ಲಿ ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿರಲಿಲ್ಲ. ಅದರಿಂದಲೇ ಹುಲ್ಲುಹಾಸು ದಾಟಿದ ಮೇಲೆ ಮರಳು ಮರಳಾಗಿಯೇ ಉಳಿದಿದೆ. ಅಲ್ಲಿ ಕಂಬವಲೆ ಎಳೆಯುತ್ತಿದ್ದರು. ಎರಡು ಸಾಲು ಗಂಡಸರು, ಹಗ್ಗ ಸೊಂಟಕ್ಕೆ, ಹಿಂದೆ ಹಿಂದೆ ಹೆಜ್ಜೆ. ಬಲೆಯ ತುದಿ ದಡಕ್ಕೆ ಬಂದಾಗ ಬೆಳ್ಳಿಯ ಹಾಗೆ ಮತ್ತಿ, ನಮ್ಮ ಬೂತಾಯಿ, ಕುಣಿಯುತ್ತಿತ್ತು. ರೆಸಾರ್ಟಿನ ಇಬ್ಬರು ಅತಿಥಿಗಳು ಫೋಟೋ ತೆಗೆಯುತ್ತಿದ್ದರು.

ಉಪ್ಪ ಪಂಚೆ ಮೇಲೆತ್ತಿ ನೇರ ಹೋಗಿ ಕೇಳಿದರು: "ಎಷ್ಟು?"

ಬುಟ್ಟಿಯವಳು ಒಂದು ಬೆಲೆ ಹೇಳಿದಳು. ಉಪ್ಪ ಅರ್ಧ ಹೇಳಿದರು. ಅವಳು ಕೈ ಕೊಡವಿ ತಿರುಗಿದಳು. ಉಪ್ಪ ಎರಡು ಹೆಜ್ಜೆ ಹಿಂದೆ ಬಂದು ಮತ್ತೆ ನಿಂತರು. ಹತ್ತು ನಿಮಿಷ ನಡೆಯಿತು. ಎರಡು ದಿನದಲ್ಲಿ ಅವರ ಮುಖದಲ್ಲಿ ಆ ಕಳೆ ನಾನು ನೋಡಿರಲಿಲ್ಲ. ಅಷ್ಟರಲ್ಲಿ ಉಮ್ಮ ಅವಳ ಮನೆ ಎಲ್ಲಿ, ಯಾರ ಮಗಳು ಎಂದೆಲ್ಲ ವಿಚಾರಿಸಿ, ಆ ಹಿತ್ತಿಲಿನ ಮುದುಕಿಯ ಹೆಸರು ಹೇಳಿದರು. ಮೀನಿನವಳು ಬುಟ್ಟಿ ಕೆಳಗಿಟ್ಟಳು. ಅವಳ ಅಮ್ಮ ಆ ಬಾವಿಯ ನೀರು ಕುಡಿದವಳಂತೆ. ಹೂವಿನ ಗಿಡದ ಬಾವಿ ಅಲ್ಲ, ಅದಕ್ಕಿಂತ ತೆಂಕಕ್ಕೆ, ಈಗ ಟೆನ್ನಿಸ್ ಆಡುವ ಜಾಗ ಇದೆಯಲ್ಲ ಅಲ್ಲಿ, ಎಂದಳು. ಬೆಲೆಯನ್ನೂ ಇಳಿಸಿದಳು. ಉಪ್ಪ ಆಗ ಏನು ತಿಳಿದುಕೊಂಡರೋ, ಅವಳು ಮೊದಲು ಹೇಳಿದಷ್ಟೇ ಕೊಟ್ಟರು.

ಎರಡು ಕಿಲೋ ಬೂತಾಯಿ ಹಿಡಿದು ಹುಲ್ಲುಹಾಸಿನ ಮೇಲೆ ನಡೆದು ಬಂದೆವು. ಮನೆಗೆ ಎರಡು ಗಂಟೆಯ ದಾರಿ, ಮೀನು ಹಾಳಾಗಬಾರದು. ಅಡಿಗೆಮನೆಯ ಹುಡುಗ ಒಂದು ಥರ್ಮೋಕೋಲ್ ಪೆಟ್ಟಿಗೆ ತುಂಬ ಐಸ್ ತುಂಬಿಸಿ ತಂದ. ಉಪ್ಪ ಜೇಬಿಗೆ ಕೈ ಹಾಕಿದರು. "ಬೇಡ ಇಕ್ಕಾ," ಎಂದ ಹುಡುಗ, "ಅದೂ ಸೇರಿದೆ."